ಮಣ್ಣಜ್ಜನ ಕಾಫಿ

ಲೊಕ್ ಸತ್ತಿರುವುದು ಮೊದಲು ಗೊತ್ತಾದದ್ದು ಬ್ರೆಡ್ ತರುವ ಹೆಂಗಸಿಗೆ. ಗೊತ್ತಾಗುವ ಮೊದಲು ಅವಳು ಅವನನ್ನು ಒಂದಷ್ಟು ಹೊತ್ತು ಬೈದಿದ್ದಳು.

ಹಳದಿ ಮನೆ ಹೋಟೆಲಿನ ತಲೆಬಾಗಿಲ ಒಳಗೆ, ಬೆತ್ತದ ಕುರ್ಚಿಯಲ್ಲಿ ಅವನು ಕೂತಿದ್ದ. ಕಾಲು ಚಾಚಿದ್ದ. ಗಲ್ಲ ಎದೆಗೆ ತಾಗಿತ್ತು. ಅವಳು ಬುಟ್ಟಿ ಇಳಿಸಿ, "ಬ್ರೆಡ್ ಎಣಿಸ್ಕೊಳ್ಳಿ ಲೊಕ್ ಅಣ್ಣ," ಎಂದಳು. ಅವನು ಏಳಲಿಲ್ಲ. "ರಾತ್ರಿಯೆಲ್ಲ ದೊಡ್ಡೋರಿಗೆ ಬಡಿಸಿದ್ರೆ ಬೆಳಿಗ್ಗೆ ನಮ್ಮಂಥೋರು ಕಣ್ಣಿಗೆ ಕಾಣ್ತೀವಾ?" ಎಂದಳು. ಆಮೇಲೆ ಭುಜ ಮುಟ್ಟಿದಳು.

ಪೊಲೀಸ್ ಅಧಿಕಾರಿ ಖೋಯ್ ಬಂದಾಗ ಬ್ರೆಡ್ ಬುಟ್ಟಿ ಅಲ್ಲೇ ಇತ್ತು. ಬ್ರೆಡ್ ತಣ್ಣಗಾಗಿತ್ತು. ಅವನು ಹೆಣದ ಮುಂದೆ ಕುಕ್ಕರುಗಾಲಿನಲ್ಲಿ ಕೂತ. ಹಿಂದಿನ ಸಂಜೆ ಇದೇ ಮನುಷ್ಯ ಅವನ ತೊಡೆಯ ಮೇಲೆ ಬಿಳಿ ವಸ್ತ್ರ ಹಾಸಿದ್ದ. ಏನಾದರೂ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಹೋದ ವರ್ಷ ತಾಯಿ ತೀರಿಕೊಂಡಾಗಿನಿಂದ ಖೋಯ್‌ಗೆ ಹೀಗೇ. ಬಹಳ ಹೊತ್ತು ಮಡಚಿ ಕೂತ ಕಾಲಿನ ಹಾಗೆ. ಮುಟ್ಟಿದರೆ ತನ್ನದು ಅನ್ನಿಸುವುದಿಲ್ಲ.

ಸಹಾಯಕಿ ಯೆನ್ ಫೋಟೊ ತೆಗೆಯುತ್ತಿದ್ದಳು. ಉತ್ತರದ ಬಂದರಿನ ಊರಿನವಳು, ದಕ್ಷಿಣದ ಈ ಕಾನ್ ಥೋಗೆ ಹೊಸದಾಗಿ ವರ್ಗವಾಗಿ ಬಂದವಳು. ಕುರ್ಚಿಯ ಫೋಟೊ ತೆಗೆದಳು. ಹೂಕುಂಡದ ಪಕ್ಕದ ವಾಂತಿಯದು ತೆಗೆದಳು. ಕುರ್ಚಿಯ ಎಡಕ್ಕೆ, ನೆಲದ ಮೇಲೆ, ಬಾಗಿಲಿಗೆ ಮುಖ ಮಾಡಿದ್ದ, ಮನೆ ಕಾಯುವ ನೆಲದ ದೇವರು ಮಣ್ಣಜ್ಜನ ಮರದ ಗೂಡಿನದೂ ತೆಗೆದಳು. ಕೆಂಪು ಬಲ್ಬು. ಡೊಳ್ಳುಹೊಟ್ಟೆಯ ಮಣ್ಣಜ್ಜ ನಗುತ್ತ ಕೂತಿದ್ದ. ಮುಂದೆ ಎರಡು ಬಾಳೆಹಣ್ಣು, ಊದುಬತ್ತಿಯ ಬೂದಿ, ಅಂಚಿನವರೆಗೂ ತುಂಬಿದ ಒಂದು ಸಣ್ಣ ಲೋಟ ಕರಿ ಕಾಫಿ. ಕಾಫಿಯ ಮೇಲೆ ತೆಳ್ಳಗೆ ಕೆನೆಯಂಥದ್ದು ಕಟ್ಟಿತ್ತು.

ಲೊಕ್‌ನ ಹೆಂಡತಿ ಕಿಮ್ ಮೆಟ್ಟಿಲ ಮೇಲೆ ಕೂತಿದ್ದಳು. ರಾತ್ರಿಯ ಉಡುಪಿನಲ್ಲೇ ಇದ್ದಳು. "ನಾನು ಏಳೋದು ತಡ. ಕೂಗು ಕೇಳಿ ಎದ್ದೆ," ಎಂದಳು.

ಲೊಕ್‌ನ ತಂಗಿ ಸೇನ್ ಕಂಬದ ಪಕ್ಕ ಪೊರಕೆ ಹಿಡಿದು ನಿಂತಿದ್ದಳು. ಐವತ್ತರ ಹತ್ತಿರದ ಹೆಂಗಸು. ಈ ಮನೆಯಲ್ಲೇ ಹುಟ್ಟಿ, ಮದುವೆಯಾಗಿ ಹೋಗಿ, ಮರಳಿ ಬಂದವಳು. "ಅಣ್ಣ ದೇವರಿಗೆ ಕೈಮುಗಿದು ಕುರ್ಚೀಲಿ ಕೂತ. ಎದೆ ಒತ್ಕೊಂಡ. ಅವನು ಹಾಗೆ ಮಾಡೋದು ಇದ್ದಿದ್ದೇ. ನಾನು ಹಿತ್ತಿಲು ಗುಡಿಸೋಕೆ ಹೋದೆ."

"ಏನಾದ್ರೂ ತಿಂದ್ರಾ ಬೆಳಿಗ್ಗೆ?"

"ಮಾರ್ಕೆಟ್ಟಿಂದ ಬರೋವರೆಗೂ ಅವನು ಏನೂ ತಿನ್ನಲ್ಲ."

ವೈದ್ಯರು ಕಣ್ಣುರೆಪ್ಪೆ ಬಿಡಿಸಿ ನೋಡಿದರು. ಲೊಕ್‌ಗೆ ಹೃದಯದ ಕಾಯಿಲೆ ಇದ್ದದ್ದು ಊರಿಗೇ ಗೊತ್ತು. ಆದರೂ ವೈದ್ಯರು ತುಟಿ ಸೊಟ್ಟ ಮಾಡಿದರು.

"ಹೃದಯ ನಿಂತಿರೋದು ನಿಜ. ತಾನಾಗೇ ನಿಂತಿದ್ದು ಅಂತ ಬರೆಯೋಕೆ ನನಗೆ ಮನಸ್ಸಿಲ್ಲ."

* * *

ಹಿಂದಿನ ಸಂಜೆಯ ಊಟ ಠಾಣೆಯ ಹಿರಿಯ ಅಧಿಕಾರಿ ಕೊಡಿಸಿದ್ದು. ಅವರಿಗೆ ವರ್ಗವಾಗಿತ್ತು. ಹೋಗುವ ಮುಂಚೆ ತಮ್ಮ ಅಧಿಕಾರಿಗಳನ್ನೆಲ್ಲ ಹಳದಿ ಮನೆಗೆ ಕರೆದಿದ್ದರು.

ಫ್ರೆಂಚರ ಕಾಲದಲ್ಲಿ ಅಕ್ಕಿ ವ್ಯಾಪಾರಿಯೊಬ್ಬ ಕಟ್ಟಿಸಿದ ಮನೆ. ಲೊಕ್‌ನ ಅಜ್ಜ. ಎತ್ತರದ ಕಿಟಕಿ, ಹೂವಿನ ಚಿತ್ತಾರದ ನೆಲ. ಊಟವೂ ಆ ಕಾಲದ್ದೇ ಎಂದು ಲೊಕ್ ಹೇಳುತ್ತಿದ್ದ. ಬೆಣ್ಣೆ ಬೆಳ್ಳುಳ್ಳಿಯಲ್ಲಿ ಬಾಡಿಸಿದ ಕಾಲುವೆಯ ಶಂಖದಹುಳು ಬಂತು. ಈರುಳ್ಳಿ ಸಾರು ಬಂತು. ವೈನಿನಲ್ಲಿ ಬೆಂದ ದನದ ಮಾಂಸ, ಅದ್ದಿಕೊಳ್ಳಲು ಬ್ರೆಡ್. ಖೋಯ್ ಎಡಗೈಯ ಮುಳ್ಳುಚಮಚವನ್ನು ಸಸಿ ನೆಡುವ ಗೂಟದ ಹಾಗೆ ಹಿಡಿದಿದ್ದ. ಯೆನ್ ನಗು ತಡೆಯಲಾರದೆ ಬ್ರೆಡ್ ಬಾಯಿಗೆ ತುರುಕಿಕೊಂಡಳು.

"ನೀವೂ ಕೂತ್ಕೊಳ್ಳಿ ಲೊಕ್," ಎಂದಿದ್ದರು ಹಿರಿಯರು.

"ನನಗೆ ಇದ್ಯಾವುದೂ ಆಗಲ್ಲ ಸ್ವಾಮಿ. ಬೆಣ್ಣೆ ಮುಟ್ಟಬಾರದು, ವೈನ್ ಮುಟ್ಟಬಾರದು. ಕಾಫಿ ಅಂತೂ ಕಿಮ್ ವಾಸನೆ ತಗೊಳ್ಳೋಕೂ ಬಿಡಲ್ಲ. ಬಾಗಿಲು ಹಾಕಿದ ಮೇಲೆ ಅಡುಗೆಯ ತಾಮ್ ನನಗೆ ಮೀನು ಗಂಜಿ ಮಾಡ್ಕೊಡ್ತಾನೆ. ಮೇಲೆ ಒಂದು ಹಿಡಿ ಕಹಿ ಸೊಪ್ಪು. ನನ್ನ ಫ್ರೆಂಚ್ ಊಟ ಅದೇ."

ಎಲ್ಲರೂ ನಕ್ಕಿದ್ದರು. ಖೋಯ್ ಮಾತ್ರ ಒಂದು ಸಂಗತಿ ಗಮನಿಸಿದ್ದ. ನದಿಯ ಕಡೆ ಅಷ್ಟು ದೊಡ್ಡ ಕಿಟಕಿಗಳಿದ್ದರೂ ಕುರ್ಚಿಗಳೆಲ್ಲ ಅವಕ್ಕೆ ಬೆನ್ನು ಮಾಡಿದ್ದವು. ಅವನು ತಿರುಗಿ ನೋಡಿದ. ಹಿತ್ತಿಲಲ್ಲಿ ಹಲಸಿನ ಮರ, ಅದರಡಿ ಮನೆಯವರ ಗೋರಿಗಳು. ಅಜ್ಜ ಅಜ್ಜಿಯ ದೊಡ್ಡವು, ಅಪ್ಪ ಅಮ್ಮನವು. ಅವುಗಳಿಗಿಂತ ನೀರಿಗೆ ಹತ್ತಿರ, ನೀಲಿ ಬಣ್ಣ ಬಳಿದ ಒಂದು ಪುಟ್ಟ ಗೋರಿ.

ಲೊಕ್ ಬಂದು ಪರದೆ ಎಳೆದಿದ್ದ. "ಊಟದ ಹೊತ್ತಲ್ಲಿ ಅದನ್ನ ಯಾಕೆ ನೋಡ್ತೀರಿ. ಮುಂದಿನ ಸಲ ಬನ್ನಿ, ಅಲ್ಲೇ ನೀರ ದಡದಲ್ಲಿ ಮೇಜು ಹಾಕಿಸಿರ್ತೀನಿ."

* * *

ಸಂಜೆಯ ಹೊತ್ತಿಗೆ ವೈದ್ಯರ ಫೋನು ಬಂತು. ಕಾಲುವೆ ದಡದಲ್ಲಿ ಬೆಳೆಯುವ ಒಂದು ಮರವಿದೆ. ಮಾವಿನಂಥ ಹಸಿರು ಕಾಯಿ ಬಿಡುತ್ತದೆ. ಇಲ್ಲಿನ ತಾಯಂದಿರು ಮಕ್ಕಳಿಗೆ ಮಾತು ಕಲಿಸುವಾಗಲೇ ಅದನ್ನು ಮುಟ್ಟಬೇಡ ಎಂದು ಹೇಳಿಕೊಡುತ್ತಾರೆ. ಲೊಕ್ ಹೊಟ್ಟೆಯಲ್ಲಿದ್ದದ್ದು ಅದರ ವಿಷ.

"ಬಹಳ ಕಹಿ ಅದು," ಎಂದರು ವೈದ್ಯರು. "ಸಪ್ಪೆ ಊಟಕ್ಕೆ ಹಾಕಿದ್ರೆ ಬಾಯಿಂದ ಉಗೀತಾನೆ. ಹೃದಯದ ಮಾತ್ರೆ ತಗೊಳ್ಳೋನಿಗೆ ಸ್ವಲ್ಪವೇ ಸಾಕು. ಎಷ್ಟು ಹೊತ್ತಿಗೆ ಹೊಟ್ಟೆಗೆ ಹೋಯ್ತು ಅಂತ ಹೇಳೋಕಾಗಲ್ಲ. ರಾತ್ರೀನೂ ಇರಬಹುದು, ಬೆಳಿಗ್ಗೇನೂ ಇರಬಹುದು."

ಬೆಳಿಗ್ಗೆ ಅವನು ಏನೂ ತಿಂದಿರಲಿಲ್ಲ. ರಾತ್ರಿ ತಿಂದದ್ದು ಕಹಿ ಸೊಪ್ಪಿನ ಗಂಜಿ.

ಅಡುಗೆಯ ತಾಮ್‌ನನ್ನು ಕರೆತಂದರು. ದಪ್ಪ ಬೆರಳುಗಳ, ನಿಧಾನದ ಮನುಷ್ಯ. ಕೈಯಿಂದ ಇನ್ನೂ ಬೆಳ್ಳುಳ್ಳಿ ವಾಸನೆ ಹೋಗಿರಲಿಲ್ಲ.

"ಗಂಜಿ ಮಾಡಿದ್ದು ನೀನೇ?"

"ನಾನೇ. ಉಳಿದಿದ್ದನ್ನ ನಾನೂ ಉಂಡೆ."

"ಯಾರು ನೋಡಿದ್ರು?"

"ಅಡುಗೆಯವನು ಉಣ್ಣೋದನ್ನ ಯಾರು ನೋಡ್ತಾರೆ ಅಣ್ಣ?"

"ಪಾತ್ರೆ?"

"ತೊಳೆದಿಟ್ಟೆ. ತೊಳೀದೆ ಮನೆಗೆ ಹೋದ್ರೆ ಸೇನ್ ಅಕ್ಕ ಬಿಡ್ತಾರಾ?"

ಖೋಯ್ ಕಾಗದ ತಿರುವಿದ. "ಲೊಕ್ ಜತೆ ಜಗಳ ಆಗಿತ್ತಂತೆ."

"ಆಗಿತ್ತು. ಸೈಗಾನಿಂದ ಬಿಳೀ ಟೋಪಿ ಅಡುಗೆಯವನ್ನ ತರ್ತೀನಿ ಅಂದ. ನನ್ನ ಸಾರಲ್ಲಿ ಫ್ರೆಂಚ್ ವಾಸನೆ ಸಾಲದಂತೆ. ಫ್ರೆಂಚರು ಹೋಗಿ ನಮ್ಮಜ್ಜನ ಕಾಲ ಆಯ್ತು, ವಾಸನೆ ಎಲ್ಲಿಂದ ತರಲಿ ಅಂದೆ."

"ನಾನಿಲ್ದಿದ್ರೆ ನೀನು ಬದುಕೋದು ಅಷ್ಟರಲ್ಲೇ ಇದೆ ಅಂತಾನೂ ಅಂದೆಯಂತೆ. ಬಡಿಸೋರೆಲ್ಲ ಕೇಳಿದಾರೆ."

ತಾಮ್ ತನ್ನ ಬೆರಳುಗಳನ್ನು ನೋಡಿಕೊಂಡ. "ಅಂದೆ. ಉಪ್ಪಿಲ್ದೆ ಗಂಜಿ ಮಾಡ್ಕೊಡೋರು ಯಾರು ಅಂತ ಅಂದಿದ್ದು."

ಹಿರಿಯ ಅಧಿಕಾರಿಗೆ ಅಷ್ಟು ಸಾಕಾಯಿತು. "ಆ ಅಡುಗೆಮನೆ ಊಟ ನಾವೆಲ್ಲ ಉಂಡಿದೀವಿ ಖೋಯ್. ಪೇಪರಿನೋರು ನಗ್ತಾರೆ. ಮಣ್ಣಾಗಿ ಮೂರನೇ ದಿನಕ್ಕೆ ಫೈಲು ಮೇಲಕ್ಕೆ ಹೋಗಲಿ, ಅವನೂ ಹೋಗಲಿ. ನಾನೂ ಹೊರಡ್ತೀನಿ."

ಮೇಲಕ್ಕೆ ಹೋದ ಮೇಲೆ ತಾಮ್ ದೊಡ್ಡ ಜೈಲಿನವನಾಗುತ್ತಾನೆ. ಹಾಗೆ ಹೋದವರನ್ನು ಮರಳಿ ತಂದದ್ದನ್ನು ಖೋಯ್ ತನ್ನ ಸರ್ವೀಸಿನಲ್ಲಿ ಕಂಡಿರಲಿಲ್ಲ. ವಿಷದ ಕೊಲೆಗೆ ತಲೆಯೇ ಹೋಗಬಹುದು.

ಠಾಣೆಯ ಮೆಟ್ಟಿಲ ಮೇಲೆ ತಾಮ್‌ನ ಹೆಂಡತಿ ಊಟದ ಡಬ್ಬಿ ಹಿಡಿದು ಕೂತಿದ್ದಳು. ಅಳುತ್ತಿರಲಿಲ್ಲ. ಒಳಗೆ ಹೋಗಿ ಬರುವವರ ಕಾಲುಗಳನ್ನು ನೋಡುತ್ತಿದ್ದಳು.

* * *

ಹೆಣ ಮನೆಗೆ ಬಂದ ಮೇಲೆ ಬಾಗಿಲಿಗೆ ಬಿಳಿ ಬಟ್ಟೆ ಕಟ್ಟಿದರು. ಸೂತಕ ಮುಗಿಯುವವರೆಗೆ ಮಣ್ಣಜ್ಜನ ಗೂಡಿಗೆ ಕೆಂಪು ಕಾಗದ ಅಂಟಿಸಿ ಮುಚ್ಚಿದರು. ಊಟದ ಮೇಜುಗಳನ್ನು ಸಾಲಾಗಿ ಜೋಡಿಸಿ ಬಂದವರಿಗೆ ಚಹಾ, ಕಲ್ಲಂಗಡಿ ಬೀಜ ಇಟ್ಟರು. ವಾಲಗದವರು ಎರಡು ದಿನ ಊದಿದರು.

ಖೋಯ್ ಮೂಲೆಯಲ್ಲಿ ಕೂತು ಬೀಜ ಬಿಡಿಸುತ್ತಿದ್ದ. ರುಚಿ ಗೊತ್ತಾಗುತ್ತಿರಲಿಲ್ಲ. ಕಿಮ್ ಅತ್ತು ಅತ್ತು ಧ್ವನಿ ಕಳೆದುಕೊಂಡಿದ್ದಳು. ಸೇನ್ ಅಳಲಿಲ್ಲ. ಬಂದವರಿಗೆ ಚಹಾ ಸುರಿದಳು. ಊದುಬತ್ತಿ ಆರದಂತೆ ನೋಡಿಕೊಂಡಳು. ಅವಳ ಮುಖ ಕಂಡು ಖೋಯ್‌ಗೆ ತನ್ನದೇ ಮುಖ ನೆನಪಾಯಿತು.

"ಎಲ್ಲಿ ಮಣ್ಣು ಮಾಡೋದು?" ಎಂದು ವಾಲಗದ ಹಿರಿಯ ಕೇಳಿದ. ಕಿಮ್ ನಾದಿನಿಯ ಮುಖ ನೋಡಿದಳು.

ಸೇನ್ ಕೆಟಲು ಕೆಳಗಿಟ್ಟಳು. ಹಿತ್ತಿಲಿಗೆ ನಡೆದಳು. ನೀಲಿ ಗೋರಿಯ ಮುಂದೆ, ನೀರಿಗೂ ಅದಕ್ಕೂ ನಡುವಿನ ಜಾಗದಲ್ಲಿ ನಿಂತು ಕಾಲಿನಿಂದ ಗೆರೆ ಎಳೆದಳು.

"ಇಲ್ಲಿ."

"ಅಷ್ಟು ಮುಂದೆ ಯಾಕೆ ತಾಯಿ? ಹಿರಿಯರ ಪಕ್ಕ ಜಾಗ ಇದೆಯಲ್ಲ."

"ಅಣ್ಣನಿಗೆ ಈ ಜಾಗ ಇಷ್ಟ ಇತ್ತು."

ಖೋಯ್ ಪಕ್ಕದಲ್ಲಿದ್ದವನನ್ನು ಕೇಳಿದ. "ಆ ನೀಲೀದು ಯಾರದು?"

"ತೀ ಅನ್ನೋ ಹುಡುಗಂದು. ಸೇನ್ ಅಕ್ಕನ ಮಗ. ಇನ್ನೂ ಸ್ಕೂಲಿಗೆ ಸೇರಿಸಿರಲಿಲ್ಲ. ಈ ಮೆಟ್ಟಿಲಲ್ಲೇ ಕಾಲು ಜಾರಿ ನೀರಿಗೆ ಬಿದ್ದ."

* * *

ಮಣ್ಣಾದ ಮಾರನೆಯ ದಿನ ಯೆನ್ ಫೋಟೊಗಳನ್ನು ಮೇಜಿನ ಮೇಲೆ ಹರಡಿದಳು. ಫೈಲಿಗೆ ಅಂಟಿಸಬೇಕಿತ್ತು. ಖೋಯ್ ಒಂದನ್ನು ಎತ್ತಿಕೊಂಡ. ಕೆಳಗಿಡಲಿಲ್ಲ.

"ಏನಣ್ಣ?"

"ಈ ಬಾಳೆಹಣ್ಣು ನೋಡು."

ಯೆನ್ ಬಗ್ಗಿದಳು. ಹಣ್ಣಿನ ಸಿಪ್ಪೆ ಸ್ವಲ್ಪ ಸುಲಿದಿತ್ತು. ತುದಿಯಲ್ಲಿ ಹಲ್ಲಿನ ಗುರುತು. "ಇಲಿ ಕಚ್ಚಿರಬೇಕು."

"ಇಲಿ ಸಿಪ್ಪೆ ಸುಲಿಯುತ್ತಾ? ಲೊಕ್ ಕಚ್ಚಿದ್ದು."

"ದೇವರಿಗೆ ಇಡೋ ಹಣ್ಣನ್ನಾ?"

"ನಮ್ಮ ಕಡೆ ಮಣ್ಣಜ್ಜನಿಗೆ ಏನೇ ಇಟ್ಟರೂ ಮೊದಲು ನಾವು ಬಾಯಿಗೆ ಹಾಕ್ಕೋಬೇಕು. ಯಾವ ಕಾಲದಲ್ಲೋ ಯಾರೋ ಅವನಿಗೆ ವಿಷ ಹಾಕಿದ್ರಂತೆ. ಅವತ್ತಿಂದ ಇಟ್ಟೋರು ತಿಂದು ತೋರಿಸದೆ ಅವನು ಮುಟ್ಟಲ್ಲ."

"ಎಂಜಲು ತಿಂತಾನಾ ನಿಮ್ಮ ದೇವರು?" ಯೆನ್ ಕಣ್ಣರಳಿಸಿದಳು. "ನಮ್ಮ ಊರಲ್ಲಿ ಹಾಗೆ ಮಾಡಿದ್ರೆ ಅಜ್ಜಿ ಕೈ ಮುರೀತಿದ್ಲು."

"ನಮ್ಮಲ್ಲಿ ಹಾಗೆ ಮಾಡದಿದ್ರೆ ಮುರೀತಿದ್ಲು." ಖೋಯ್ ಬೆರಳು ಲೋಟದ ಮೇಲಿತ್ತು. "ಹಣ್ಣು ಕಚ್ಚಿ ಇಟ್ಟೋನು ಕಾಫಿ ಕುಡೀದೆ ಇಡ್ತಾನಾ? ಲೋಟ ಅಂಚಿನವರೆಗೂ ತುಂಬಿದೆ. ಒಂದು ಗುಟುಕೂ ಕಡಿಮೆ ಇಲ್ಲ."

ಯೆನ್ ಪರೀಕ್ಷೆಯ ವರದಿ ಹುಡುಕಿ ತೆಗೆದಳು. ಆಮೇಲೆ ಮೆಲ್ಲಗೆ ಹೇಳಿದಳು: "ಆದ್ರೆ ಆ ಕಾಫೀಲಿ ವಿಷ ಇರಲಿಲ್ಲ ಅಣ್ಣ. ಪರೀಕ್ಷೆ ಆಗಿದೆ."

"ಅದಕ್ಕೇ ಹೇಳ್ತಿರೋದು. ಇದು ಲೊಕ್ ಇಟ್ಟ ಲೋಟ ಅಲ್ಲ."

ಅವನು ಲಾಕಪ್ಪಿಗೆ ಹೋದ. ತಾಮ್ ಗೋಡೆಗೆ ಒರಗಿ ಕೂತಿದ್ದ. ಡಬ್ಬಿಯ ಅನ್ನ ಹಾಗೇ ಇತ್ತು.

"ತಾಮ್, ಲೊಕ್ ಕಾಫಿ ಕುಡೀತಿದ್ನಾ?"

ತಾಮ್ ಬಾಗಿಲ ಕಡೆ ನೋಡಿದ. "ಕಿಮ್ ಅತ್ತಿಗೆ ಹೊರಗಿದಾರಾ?"

"ಇಲ್ಲ."

"ಕುಡೀತಿದ್ದ. ಮಣ್ಣಜ್ಜನ ಹೆಸರಲ್ಲಿ. ಮೊದಮೊದಲು ತುಟಿಗೆ ಮುಟ್ಟಿಸ್ತಿದ್ದ. ಆಮೇಲೆ ಒಂದು ಗುಟುಕು. ಈಗೀಗ ಮಣ್ಣಜ್ಜನಿಗೆ ಅರ್ಧ ಲೋಟ ಸಿಕ್ಕರೆ ಪುಣ್ಯ. ನಾನು ದೋಣೀಲಿ ಮೀನು ತಗೊಂಡು ಬರೋವಾಗ ಎಷ್ಟೋ ಸಲ ಸಿಕ್ಕಿಬಿದ್ದಿದಾನೆ. 'ನಾನಲ್ಲಪ್ಪ, ಅಜ್ಜ ಕುಡಿದಿದ್ದು' ಅಂತಿದ್ದ." ತಾಮ್‌ನ ಬಾಯಿ ಒಂದು ಗಳಿಗೆ ನಗುವಿಗೆ ಬಂದು ನಿಂತಿತು. "ಬದುಕಿದ್ದಾಗ ಮುಚ್ಚಿಟ್ಟಿದ್ದು. ಸತ್ತ ಮೇಲೆ ಚಾಡಿ ಯಾಕೆ ಅಂತ ಹೇಳ್ಲಿಲ್ಲ."

"ಫಿಲ್ಟರು ಯಾರು ಇಡ್ತಿದ್ದಿದ್ದು?"

"ಸೇನ್ ಅಕ್ಕ ಬಿಸಿನೀರು ತಂದಿಡ್ತಿದ್ರು. ಪುಡಿ ಅವನೇ ಹಾಕ್ಕೊತಿದ್ದ. ಫ್ರೆಂಚ್ ಬೆಣ್ಣೆ ಬರುತ್ತಲ್ಲ, ಕೆಂಪು ಡಬ್ಬಿ, ಖಾಲೀದು ಅಡುಗೆಮನೆ ತುಂಬ ಬಿದ್ದಿರುತ್ತೆ. ಅಂಥದ್ದೊಂದರಲ್ಲಿ ಪುಡಿ ತುಂಬಿ ಮಣ್ಣಜ್ಜನ ಬೆನ್ನ ಹಿಂದೆ ಬಚ್ಚಿಟ್ಟಿದ್ದ."

ಖೋಯ್ ಮರಳಿ ಬಂದು ಫೋಟೊ ನೋಡಿದ. ಮಣ್ಣಜ್ಜನ ಬೆನ್ನ ಹಿಂದೆ ಏನೂ ಇರಲಿಲ್ಲ. ಧೂಳಿನಲ್ಲಿ ಒಂದು ದುಂಡು ಗುರುತು ಮಾತ್ರ ಇತ್ತು.

"ಹೆಂಡತೀನೇ ಇರಬೇಕು," ಎಂದಳು ಯೆನ್. "ಗಂಡ ಕದ್ದು ಕುಡಿಯೋದು ಹೆಂಡತಿಗೆ ಗೊತ್ತಾಗದೆ ಇರುತ್ತಾ? ಮನೆ ಅವಳಿಗೇ ಉಳಿಯೋದು. ತಂಗಿಗೆ ಏನು ಸಿಗುತ್ತೆ?"

"ಗೊತ್ತಿಲ್ಲ," ಎಂದ ಖೋಯ್. ಹಿತ್ತಿಲಲ್ಲಿ ಕಾಲಿನಿಂದ ಎಳೆದ ಗೆರೆ ಅವನ ಕಣ್ಣ ಮುಂದಿತ್ತು. "ಇಬ್ಬರಲ್ಲಿ ಒಬ್ಬರಿಗೆ ಆ ಡಬ್ಬಿಯ ಭಯ ಇದೆ. ಯಾರಿಗೆ ಅಂತ ನೋಡಬೇಕು."

* * *

ಮೂರನೆಯ ದಿನ ಗೋರಿಯ ಬಳಿ ಕೋಳಿಮರಿ ಸುತ್ತಿಸಿ, ಕಬ್ಬಿನ ಜಲ್ಲೆಯ ಪುಟ್ಟ ಏಣಿ ಇಟ್ಟು, ಸತ್ತವನಿಗೆ ಬಾಗಿಲು ತೆರೆಯುವ ಶಾಸ್ತ್ರ ಮುಗಿಯಿತು. ನೆಂಟರು ಹೋದರು. ಖೋಯ್ ಮತ್ತು ಯೆನ್ ಊಟದ ಮನೆಗೆ ಬಂದಾಗ ಕಿಮ್ ಮತ್ತು ಸೇನ್ ಇಬ್ಬರೇ ಇದ್ದರು. ಇಬ್ಬರ ತಲೆಗೂ ಸೂತಕದ ಬಿಳಿ ಪಟ್ಟಿ. ಆ ದಿನ ಸಂಜೆ ತಾಮ್‌ನನ್ನು ವ್ಯಾನು ಹತ್ತಿಸಬೇಕಿತ್ತು.

ಖೋಯ್ ಚೀಲದಿಂದ ಒಂದು ಕೆಂಪು ಡಬ್ಬಿ ತೆಗೆದು ಮೇಜಿನ ಮೇಲಿಟ್ಟ. ಡಬ್ಬಿಯ ಅಂಚಿನಲ್ಲಿ ಕೆಸರು ಒಣಗಿತ್ತು.

"ಇಳಿತ ಆದಾಗ ನಿಮ್ಮ ಮೆಟ್ಟಿಲ ಕೆಳಗೆ ಕೆಸರಲ್ಲಿ ಕಾಣಿಸ್ತು. ಮುಚ್ಚಳ ಬಿಗಿ ಇತ್ತು, ಪುಡಿ ಒಣಗೇ ಇದೆ. ಲೊಕ್ ಅಣ್ಣಂದು."

"ಏನಿದು?" ಎಂದಳು ಕಿಮ್.

ಖೋಯ್ ಹೇಳಿದ. ಮಣ್ಣಜ್ಜನ ಕಾಫಿ, ಅರ್ಧ ಲೋಟ, ಬಚ್ಚಿಟ್ಟ ಡಬ್ಬಿ. ಕಿಮ್ ಕೇಳುತ್ತ ಕೇಳುತ್ತ ಕುರ್ಚಿಯಲ್ಲಿ ಕುಸಿದಳು.

"ದಿನಾ?"

"ದಿನಾ."

"ಕಳ್ಳ," ಎಂದಳು ಅವಳು, ಯಾರಿಗೂ ಅಲ್ಲದ ಹಾಗೆ. "ಬಾಯಿ ವಾಸನೆ ಕೇಳಿದ್ರೆ ಊದುಬತ್ತಿ ಅಂತಿದ್ದ."

"ಶಾಸ್ತ್ರ ಮುಗೀತು. ಮಣ್ಣಜ್ಜನ ಕಾಗದ ತೆಗೀಬಹುದು," ಎಂದ ಖೋಯ್. "ಇಷ್ಟು ದಿನ ಅವನಿಗೆ ಕಾಫಿ ಇಲ್ಲ. ಸೇನ್ ಅಕ್ಕ, ನೀವೇ ಒಂದು ಲೋಟ ಇಡಿ. ಆ ಕೆಲಸ ಗೊತ್ತಿರೋರು ನೀವೇ."

ಸೇನ್ ಡಬ್ಬಿ ನೋಡಲಿಲ್ಲ. "ಇವತ್ತು ನನ್ನ ಕೈಲಾಗಲ್ಲ."

"ನಾನಿಡ್ತೀನಿ," ಎಂದು ಕಿಮ್ ಎದ್ದಳು. "ಇನ್ಮೇಲೆ ನಾನೇ ತಾನೆ ಇಡಬೇಕಾದ್ದು. ಅವರು ಕುಡೀತಿದ್ದ ಪುಡೀಲೇ ಇಡ್ತೀನಿ."

ಇದನ್ನು ಖೋಯ್ ಎಣಿಸಿರಲಿಲ್ಲ. ಯೆನ್ ಅವನತ್ತ ನೋಡಿದಳು. ಅವನು ಕಣ್ಣಲ್ಲೇ ಬೇಡ ಎಂದ.

ಕಿಮ್ ಫಿಲ್ಟರಿಗೆ ಪುಡಿ ಹಾಕಿದಳು. ಬಿಸಿನೀರು ಸುರಿದಳು. ಕಾಫಿ ತೊಟ್ಟು ತೊಟ್ಟಾಗಿ ಇಳಿಯತೊಡಗಿತು. ಹೊರಗೆ ನದಿಯಲ್ಲಿ ತೆಂಗಿನಕಾಯಿ ತುಂಬಿದ ದೋಣಿಯೊಂದು ಸದ್ದು ಮಾಡುತ್ತ ಹೋಯಿತು. ಅದರ ಸದ್ದು ದೂರವಾಗುವವರೆಗೂ ಕಾಫಿ ಇಳಿಯುತ್ತಲೇ ಇತ್ತು. ಸೇನ್ ಕಂಬಕ್ಕೆ ಬೆನ್ನು ಕೊಟ್ಟು ನಿಂತಿದ್ದಳು. ಅವಳ ಕಣ್ಣು ಲೋಟದ ಮೇಲೇ ಇತ್ತು.

ಕಿಮ್ ಗೂಡಿನ ಕೆಂಪು ಕಾಗದ ಹರಿದಳು. ಮಣ್ಣಜ್ಜ ನಗುತ್ತಿದ್ದ. ಅವಳು ಮಂಡಿಯೂರಿ ಕೂತಳು. ಲೋಟ ಎರಡೂ ಕೈಯಲ್ಲಿ ಹಿಡಿದು, ಹುಟ್ಟಿದಾಗಿನಿಂದ ಕಂಡ ಹಾಗೆ, ಮೊದಲು ತನ್ನ ತುಟಿಗೆ ಎತ್ತಿದಳು.

ಸೇನ್ ಅಷ್ಟು ದೂರ ಹೇಗೆ ಬಂದಳೋ ಯೆನ್‌ಗೆ ಕಾಣಲಿಲ್ಲ. ಅವಳ ಕೈ ಲೋಟಕ್ಕೆ ಬಡಿಯಿತು. ಲೋಟ ಚಿತ್ತಾರದ ನೆಲಕ್ಕೆ ಬಿದ್ದು ಒಡೆಯಿತು. ಕಾಫಿ ಮಣ್ಣಜ್ಜನ ಹೊಟ್ಟೆಯ ಮೇಲೆ ಹಾರಿತು.

"ಉಗುಳು," ಎಂದಳು ಸೇನ್. "ಅತ್ತಿಗೆ, ಬಾಯಿಗೆ ಹೋಗಿದ್ರೆ ಉಗುಳು."

ಕಿಮ್ ಅವಳನ್ನೇ ನೋಡಿದಳು. "ಇನ್ನೂ ಕುಡೀಲಿಲ್ಲ," ಎಂದಳು. ತಾನು ಏನು ಕೇಳಿಸಿಕೊಂಡೆ ಎಂಬುದು ಆಮೇಲೆ ಅವಳಿಗೆ ತಿಳಿಯತೊಡಗಿತು.

ಖೋಯ್ ಬಗ್ಗಿ ನೆಲದ ಕಾಫಿಯಲ್ಲಿ ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡ. "ಇದರಲ್ಲಿ ಏನೂ ಇಲ್ಲ ಸೇನ್ ಅಕ್ಕ. ಡಬ್ಬಿ ನಿಮ್ಮ ಅಡುಗೆಮನೇದೇ. ಪುಡಿ ಬೆಳಿಗ್ಗೆ ಮಾರ್ಕೆಟ್ಟಲ್ಲಿ ತಂದೆ. ಕೆಸರು ನನ್ನ ತೋಟದ್ದು."

* * *

ಸೇನ್ ಕೂತಳು. ತಲೆಯ ಬಿಳಿ ಪಟ್ಟಿ ಸರಿಮಾಡಿಕೊಂಡಳು.

"ಹೇಗೆ ಗೊತ್ತಾಯ್ತು?" ಎಂದು ಕೇಳಿದಳು. ಬೇರೆ ಯಾರದೋ ಮನೆಯ ಸಂಗತಿ ಕೇಳುವ ಹಾಗಿತ್ತು.

"ಬಾಳೆಹಣ್ಣು ಕಚ್ಚಿದ್ದಾಗಿತ್ತು, ಲೋಟ ತುಂಬಿತ್ತು," ಎಂದ ಖೋಯ್. "ಎರಡನ್ನೂ ಒಬ್ಬರೇ ಇಟ್ಟಿರೋಕೆ ಸಾಧ್ಯ ಇಲ್ಲ. ಲೊಕ್ ಅಣ್ಣ ಇಟ್ಟ ಅರ್ಧ ಲೋಟ ತೆಗೆದು, ತೊಳೆದು, ಬೇರೆ ಪುಡಿಯ ಕಾಫಿ ತುಂಬಿ ಇಟ್ಟವರು ಯಾರೋ ಇದ್ರು. ಆ ಹೊತ್ತಲ್ಲಿ ಎದ್ದಿದ್ದವರು ನೀವು. ಆದ್ರೆ ಡಬ್ಬೀಲಿ ವಿಷ ಬೆರೆಸೋದು ಯಾರ ಕೈಲಾದ್ರೂ ಆಗುತ್ತೆ. ಕಿಮ್ ಅಕ್ಕ ಬೆರೆಸಿ, ನೀವು ಗೊತ್ತಿಲ್ದೆ ಲೋಟ ಬದಲಿಸಿರಬಹುದಿತ್ತು. ಡಬ್ಬಿ ಕಂಡ್ರೆ ಹೆದರೋರು ಬೆರೆಸಿದವರೇ. ನೀವು ಇಡೋಕೆ ಒಪ್ಪದಿದ್ರೆ ಸಾಕಿತ್ತು ನನಗೆ. ಕೈ ಹಾಕ್ತೀರಿ ಅಂತ ಅಂದ್ಕೊಂಡಿರಲಿಲ್ಲ."

"ಅರ್ಧ ಮಾಡಿ ಇಡಬೇಕಿತ್ತು," ಎಂದಳು ಸೇನ್. "ಅಣ್ಣ ಅಲ್ಲೇ ಕೂತು ಎದೆ ಒತ್ಕೊತಿದ್ದ. ನಾನು ಲೋಟ ತೊಳೆದು ತಂದೆ. ಫಿಲ್ಟರು ಅದೇ. ಸರಿಯಾಗಿ ತೊಳೆದಿದೀನೋ ಇಲ್ವೋ ಅನ್ನಿಸ್ತು. ಬಾಯಿಗೆ ಇಡೋಕೆ ಆಗಲಿಲ್ಲ. ಸ್ವಲ್ಪ ಚೆಲ್ಲಬಹುದಿತ್ತು. ಅದು ಹೊಳೀಲೇ ಇಲ್ಲ."

"ಡಬ್ಬಿ?"

"ನೀರಿಗೆ ಹಾಕಿದೆ. ಉಬ್ಬರ ಇತ್ತು."

ಕಿಮ್ ಬಾಯಿ ತೆರೆದಳು. ಬಂದದ್ದು ಪಿಸುಮಾತು. "ಯಾಕೆ?"

ಸೇನ್ ಕಿಟಕಿಯ ಕಡೆ ನೋಡಿದಳು. ಪರದೆ ಎಳೆದಿತ್ತು. "ನಿಮಗೆ ಗೊತ್ತು ಅತ್ತಿಗೆ. ಗೋರಿ ಕಾಣಿಸಿದ್ರೆ ಗಿರಾಕಿಗಳಿಗೆ ಊಟ ಸೇರಲ್ಲ. ಹಿರಿಯರದ್ದು ದೇವಸ್ಥಾನಕ್ಕೆ ಸಾಗಿಸೋದು, ನನ್ನ ತೀಯ ಗೋರೀನೂ ಸಾಗಿಸೋದು. ಆ ಜಾಗದಲ್ಲಿ ಮೇಜು. ಅಗೆಯೋರಿಗೆ ದಿನ ನೋಡಿ ಆಗಿತ್ತು."

"ಅವರು ನಿನಗೆ ಹೇಳಿದ್ರಲ್ಲ. ಮೂಳೆ ಗಡಿಗೇಲಿಟ್ಟು ಪೂಜೆ ಮಾಡಿಸ್ತೀನಿ ಅಂದ್ರು."

"ಹೇಳಿದ. ನಾನು ಬೇಡ ಅಂದೆ. ತೀಗೆ ಕತ್ತಲಂದ್ರೆ ಭಯ, ಈ ಮನೆ ದೀಪ ಕಾಣೋ ಹಾಗೆ ಮಲಗಿಸಿದೀನಿ ಅಂದೆ. ಅಣ್ಣ ಈರುಳ್ಳಿ ಸಾರು ರುಚಿ ನೋಡ್ತಾ ಇದ್ದ. 'ಇಷ್ಟು ವರ್ಷ ಆದ್ಮೇಲೆ ಅಲ್ಲೇನಿರುತ್ತೆ ಸೇನ್, ಎರಡು ಹಿಡಿ ಮಣ್ಣು' ಅಂದ. ಕೆಟ್ಟದಾಗಿ ಅನ್ನಲಿಲ್ಲ. ಸುಮ್ಮನೆ ಅಂದ." ಅವಳು ಕೈಗಳನ್ನು ಮಡಿಲಲ್ಲಿ ಒಂದರ ಮೇಲೊಂದು ಇಟ್ಟುಕೊಂಡಳು. "ಅವತ್ತು ನನಗೆ ಸಿಟ್ಟೂ ಬರಲಿಲ್ಲ. ಅಳೂನೂ ಬರಲಿಲ್ಲ. ಹಿತ್ತಿಲಿಗೆ ಹೋಗಿ ಕಾಯಿ ಕಿತ್ಕೊಂಡು ಬಂದೆ. ಸೊಪ್ಪು ಕಿತ್ಕೊಂಡು ಬಂದ ಹಾಗೆ."

"ತಾಮ್ ಹೋಗ್ತಿದ್ನಲ್ಲ ನಿಮ್ಮ ಬದಲಿಗೆ," ಎಂದಳು ಯೆನ್.

"ಅವನ ಹೆಂಡತಿ ಠಾಣೆ ಮೆಟ್ಟಿಲ ಮೇಲೆ ಕೂತಿರೋದು ಮಾರ್ಕೆಟ್ಟಿಗೆ ಹೋಗುವಾಗ ನೋಡಿದೆ. ಏನಾದ್ರೂ ಅನ್ನಿಸಬೇಕು ಅಂತ ನಿಂತೆ. ಅನ್ನಿಸಲಿಲ್ಲ." ಅವಳು ಕಿಮ್ ಕಡೆ ತಿರುಗಿದಳು. "ಈಗ ನೀವು ಲೋಟ ಎತ್ತಿದಾಗ ಅನ್ನಿಸ್ತು."

ಕಿಮ್ ಅಳಲಿಲ್ಲ. ಒಡೆದ ಲೋಟದ ಚೂರುಗಳನ್ನು ಒಂದೊಂದಾಗಿ ಆರಿಸತೊಡಗಿದಳು. ಖೋಯ್ ತಡೆಯಲಿಲ್ಲ.

ಹೊರಡುವಾಗ ಸೇನ್ ಬಾಗಿಲಲ್ಲಿ ನಿಂತಳು. "ಒಂದು ಕೇಳಲಾ? ಅಣ್ಣನನ್ನ ಅಲ್ಲಿಂದ ಎಬ್ಬಿಸ್ತಾರಾ?"

ಖೋಯ್ ಕಿಮ್‌ನ ಮುಖ ನೋಡಿದ. ಉತ್ತರ ಕೊಡಬೇಕಾದವಳು ಅವಳು. ಕಿಮ್ ಕೈಯಲ್ಲಿದ್ದ ಗಾಜಿನ ಚೂರನ್ನು ಮೇಜಿನ ಮೇಲಿಟ್ಟಳು.

"ಮಲಗಿದೋರನ್ನ ಯಾಕೆ ಎಬ್ಬಿಸಲಿ," ಎಂದಳು.

"ಹಾಗಾದ್ರೆ ಅಲ್ಲಿ ಮೇಜು ಹಾಕೋಕಾಗಲ್ಲ," ಎಂದಳು ಸೇನ್. ಜೀಪು ಹತ್ತಿ ಕೂತಳು. ತಿರುಗಿ ನೋಡಲಿಲ್ಲ.

* * *

ಸಂಜೆ ತಾಮ್‌ನನ್ನು ಬಿಟ್ಟರು. ಮೆಟ್ಟಿಲ ಮೇಲಿದ್ದ ಹೆಂಡತಿ ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. "ಡಬ್ಬಿ ಎಲ್ಲಿ?" ಎಂದಳು. ಅವನು ಒಳಗೆ ಹೋಗಿ ಊಟದ ಡಬ್ಬಿ ತಂದ. ಅವಳು ಮುಚ್ಚಳ ತೆಗೆದು ಉಳಿದ ಅನ್ನ ನೋಡಿ, "ನನ್ನ ಅಡುಗೆಗೂ ಫ್ರೆಂಚ್ ವಾಸನೆ ಸಾಲದಾ?" ಎಂದಳು. ಇಬ್ಬರೂ ನಡೆದು ಹೋದರು.

ಖೋಯ್ ತೋಟದ ಮನೆಗೆ ಹೋದ. ಬಾಗಿಲ ಬಳಿ ಅವನ ಮನೆಯ ಮಣ್ಣಜ್ಜನೂ ಕೂತಿದ್ದ. ಬಲ್ಬು ಹೋಗಿತ್ತು. ಮುಂದೆ ತಾಯಿಯ ಸಣ್ಣ ಲೋಟ ಬೋರಲಾಗಿತ್ತು. ಅವಳು ಹೋದ ಮೇಲೆ ಯಾರೂ ಅದನ್ನು ಎತ್ತಿರಲಿಲ್ಲ.

ಅವನು ಲೋಟ ತೊಳೆದ. ಬೆಳಿಗ್ಗೆ ಮಾರ್ಕೆಟ್ಟಲ್ಲಿ ತಂದ ಪುಡಿ ಚೀಲದಲ್ಲಿ ಇನ್ನೂ ಸ್ವಲ್ಪ ಉಳಿದಿತ್ತು. ಕಾಫಿ ಇಳಿಯುವವರೆಗೂ ಹೊಸಲಿನ ಮೇಲೆ ಕೂತಿದ್ದ. ಆಮೇಲೆ ಲೋಟ ತುಟಿಗೆ ಎತ್ತಿ ಒಂದು ಗುಟುಕು ಕುಡಿದ.

ಕಹಿ. ನಾಲಿಗೆಗೆ ಅಷ್ಟು ಗೊತ್ತಾಯಿತು.

ಒಂದು ಗುಟುಕು ಕಡಿಮೆಯಾದ ಲೋಟವನ್ನು ಅವನು ಮಣ್ಣಜ್ಜನ ಮುಂದೆ ಇಟ್ಟ.